ಕಡವೆ ಬಿಟ್ಟುಹೋದ ಕೊಂಬು

ಉಪ್ಪಿನಂಗಡಿಯಿಂದ ಕಡಬದ ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಹೋದವರು ನಮ್ಮ ರಾಮಕುಂಜದ ಪಕ್ಕದಲ್ಲೇ ಹಾದುಹೋಗಿರುತ್ತೀರಿ. ಆತೂರು ಕಳೆದು ಆಲಂಕಾರು ಬರುವ ಮೊದಲು ಸಿಗುವ ಊರು. ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿಯವರು ಹುಟ್ಟಿದ ಊರು ಅಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ದೇವಸ್ಥಾನ, ಶಾಲೆ, ಅಡಿಕೆ ತೋಟ, ರಬ್ಬರು, ಒಂದು ಬದಿಯಲ್ಲಿ ಕುಮಾರಧಾರಾ ಹೊಳೆ. ಮೊದಲು ನಾವು ಪುತ್ತೂರು ತಾಲೂಕಿನವರು, ಈಗ ಕಡಬದವರು.

ಈ ಕಡಬ ಎಂಬ ಹೆಸರಿನಿಂದಲೇ ಶುರು ಮಾಡುತ್ತೇನೆ. ನಮ್ಮ ಘಟ್ಟದ ಕಾಡಿನ ಅತಿ ದೊಡ್ಡ ಜಿಂಕೆಗೆ ಕನ್ನಡದಲ್ಲಿ ಕಡವೆ ಎನ್ನುತ್ತೇವೆ, ತುಳುವಿನಲ್ಲಿ ಕಡಮ. ಕನ್ನಡದ ನಿಘಂಟಿನಲ್ಲಿ ಅದಕ್ಕೆ 'ಕಡಬ' ಎಂಬ ರೂಪವೂ ಉಂಟು. ಹಾಗಂತ ತಾಲೂಕಿನ ಹೆಸರನ್ನು ತಂದು ಮೃಗದ ಕುತ್ತಿಗೆಗೆ ಕಟ್ಟಲಿಕ್ಕೆ ನಾನು ಹೊರಟಿಲ್ಲ ಮಾರಾಯ್ರೆ. ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಕಂಡಾಗಲೆಲ್ಲ ನನಗೆ ಕವಲು ಕವಲಾದ ಒಂದು ಜೊತೆ ಕೊಂಬು ನೆನಪಾಗುತ್ತದೆ, ಅಷ್ಟೆ.

ನೆನಪಾಗದೆ ಹೇಗೆ? ನಮ್ಮ ಮನೆಯ ಚಾವಡಿಯಲ್ಲಿ ಅಂಥದ್ದೊಂದು ಉಂಟು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದೇನೂ ಹೊಸತಲ್ಲ. ಬಾಗಿಲ ಮೇಲೆ ಹಲಗೆಗೆ ಬಡಿದು ಕೂರಿಸಿದ ಕೊಂಬು, ಅದಕ್ಕೆ ನೇತಾಡುವ ಟಾರ್ಚು, ಬೈರಾಸು, ಮಳೆಗಾಲದಲ್ಲಿ ನೀರು ತೊಟ್ಟಿಕ್ಕುವ ಕೊಡೆ. ನಮ್ಮಲ್ಲಿ ಇದ್ದದ್ದು ಅಜ್ಜನ ಕಾಲದ್ದು. ಅಜ್ಜನ ಕೋವಿ ಹೋಯಿತು, ಅಜ್ಜನೂ ಹೋದರು, ಕೊಂಬು ಮಾತ್ರ ಉಳಿಯಿತು. ಅಪ್ಪ ಯಾವತ್ತೂ ಕೋವಿ ಹಿಡಿದವರಲ್ಲ. ಆದರೆ ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ ಧೂಳು ಒರೆಸುತ್ತಿದ್ದರು. ಮಕ್ಕಳು ಸುತ್ತ ಸೇರಿದರೆ ಬುಡವನ್ನು ತಿರುಗಿಸಿ ತೋರಿಸುತ್ತಿದ್ದರು. "ನೋಡಿ, ಇಲ್ಲಿ ತಲೆಬುರುಡೆಯ ತುಂಡು ಉಂಟಲ್ಲ, ಇದು ಉದುರಿದ್ದಲ್ಲ, ತೆಗೆದದ್ದು."

ಆ ಮಾತಿನ ಅರ್ಥ ನನಗೆ ಚೆನ್ನಾಗಿ ತಿಳಿದದ್ದು ಈ ವರ್ಷ.

ಫೆಬ್ರವರಿ ಕೊನೆಯಲ್ಲಿ ಅಪ್ಪ ತೀರಿಹೋದರು. ಅಣ್ಣನ ಮಗ ಅಮೆರಿಕದ ಡೆನ್ವರಿನಲ್ಲಿರುವವನು, ಆಗ ಬರಲಿಕ್ಕೆ ಆಗದೆ ಏಪ್ರಿಲಿನಲ್ಲಿ ಬಂದ. ವರ್ಷಾಂತಿಕ ಆಗದ ಮನೆ, ಈ ಸಲ ಬಿಸು ಕಣಿ ಇಡಲಿಲ್ಲ. ಮನೆಯಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದ ದಿನಗಳು. ಅಜ್ಜನ ಕಬ್ಬಿಣದ ಪೆಟ್ಟಿಗೆಯ ಕಾಗದಪತ್ರ ನೋಡುವಾಗ ಕೊಂಬಿನ ಮಾಲೀಕತ್ವದ ಪ್ರಮಾಣಪತ್ರ ಸಿಕ್ಕಿತು. 2003ರಲ್ಲಿ ಕೇಂದ್ರ ಸರ್ಕಾರ ಇಂಥ ವಸ್ತುಗಳನ್ನು ಇಟ್ಟುಕೊಂಡವರು ಘೋಷಿಸಿಕೊಳ್ಳಲಿಕ್ಕೆ ಏಪ್ರಿಲ್ 18ರಿಂದ 180 ದಿನಗಳ ಅವಕಾಶ ಕೊಟ್ಟಿತ್ತು. ಅಪ್ಪ ಆಗಲೇ ಅರ್ಜಿ ಕೊಟ್ಟು ಅದನ್ನು ಮಾಡಿಸಿಟ್ಟಿದ್ದರು.

"ಹಾಗಾದ್ರೆ ಇದು ಈಗ ನಮ್ಮದೇ ಅಲ್ವಾ ಅತ್ತೆ?" ಎಂದು ಅವನು ಕೇಳಿದ.

ಅಷ್ಟು ಸುಲಭ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಜಿಂಕೆಯ ಕೊಂಬು 'ಟ್ರೋಫಿ'ಗಳ ಸಾಲಿಗೆ ಸೇರುತ್ತದೆ. ಪ್ರಮಾಣಪತ್ರ ಇದ್ದವರು ಅದನ್ನು ಮಾರುವಂತಿಲ್ಲ. ವಾರಸಿಕೆಯಿಂದ ಬರಬಹುದು. ಆದರೆ ಬಂದ 90 ದಿನಗಳೊಳಗೆ ವಾರಸುದಾರರು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಹೊಸದಾಗಿ ಘೋಷಣೆ ಕೊಡಬೇಕು. ಬೇಡ ಎನಿಸಿದರೆ ಒಪ್ಪಿಸಿಬಿಡುವ ದಾರಿಯೂ ಈಗ ಉಂಟು. 2022ರ ತಿದ್ದುಪಡಿಯಲ್ಲಿ ಬಂದದ್ದು ಅದು. ಏಳು ಕೆಲಸದ ದಿನ ಮೊದಲು ಲಿಖಿತವಾಗಿ ತಿಳಿಸಿ ಕೊಟ್ಟುಬಿಟ್ಟರೆ ಪ್ರಮಾಣಪತ್ರ ರದ್ದಾಗುತ್ತದೆ, ಪರಿಹಾರ ಅಂತ ಏನೂ ಸಿಗುವುದಿಲ್ಲ. ಫೆಬ್ರವರಿಯಿಂದ ಲೆಕ್ಕ ಹಾಕಿದರೆ ನಮಗೆ ಉಳಿದದ್ದು ಒಂದು ತಿಂಗಳು ಚಿಲ್ಲರೆ.

ಮನೆಯಲ್ಲಿ ತಲೆಗೊಂದು ಮಾತು. ಅಪ್ಪನ ಕೈ ತಾಗಿದ ವಸ್ತು, ಇರಲಿ ಎಂದು ನಾನು. ಮುಂದೆ ಯಾರು ನೋಡಿಕೊಳ್ಳುವುದು ಎಂದು ಅಣ್ಣ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಗಲಾಟೆಯಾಗಿ ಟಿವಿಯಲ್ಲಿ ದಿನವೂ ಅದೇ ಸುದ್ದಿ ಬರುತ್ತಿತ್ತಲ್ಲ, ಅಂದಿನಿಂದ ಅತ್ತಿಗೆಗೆ ಆ ಗೋಡೆ ನೋಡಿದರೇ ಹೆದರಿಕೆ. ಎಂಬತ್ತು ದಾಟಿದ ದೊಡ್ಡಮ್ಮನದ್ದು ಇನ್ನೊಂದು: "ಕೊಡುದಾದ್ರೆ ಒಂದು ತುಂಡು ಕೊಯ್ದು ಇಟ್ಟು ಕೊಡಿ. ಮಕ್ಕಳಿಗೆ ಕೆಪ್ಪಟ್ರಾಯ ಆದ್ರೆ ತೇದು ಹಚ್ಚಲಿಕ್ಕೆ ಬೇಕಲ್ಲ!" ಹಿಂದೆ ಮನೆಮನೆಯಲ್ಲಿ ಹಾಗೇ ಮಾಡುತ್ತಿದ್ದರು. ಆಯುರ್ವೇದದಲ್ಲಿ ಕೊಂಬು ಸುಟ್ಟು ಮಾಡುವ ಶೃಂಗ ಭಸ್ಮವೂ ಉಂಟು. ಆದರೆ ಈಗ ಒಂದು ತುಂಡು ಕೊಯ್ದರೂ ಅದು ಬೇರೆಯೇ ಕೇಸು.

ನನ್ನ ಅಳಿಯನಿಗೆ ಇದೆಲ್ಲ ವಿಚಿತ್ರ. ಯಾಕೆಂದರೆ ಡೆನ್ವರಿನ ಅವನ ಮನೆಯಲ್ಲೂ ಒಂದು ಕೊಂಬು ಉಂಟು, ಅವನೇ ಕಾಡಿನಿಂದ ಹೆಕ್ಕಿ ತಂದದ್ದು. ಮೂಸ್ ಎಂಬ ಮೃಗದ್ದು. ಫೋಟೋ ತೋರಿಸಿದ. ನಮ್ಮ ಕಡವೆಯದ್ದು ಕವಲೊಡೆದ ಕೊಂಬೆಯ ಹಾಗಿದ್ದರೆ ಅದು ತಡಪೆಯ ಹಾಗೆ ಅಗಲ, ಅಂಚಿನಲ್ಲಿ ಬೆರಳುಗಳು. ಒಂದು ಬದಿಯದ್ದೇ ಐದು ಕಿಲೋ ತೂಗಿತಂತೆ. "ಎಮ್ಮೆಗೆ ಕಾಲು ಉದ್ದ ಮಾಡಿ, ಗಡ್ಡ ಕಟ್ಟಿ ನಿಲ್ಲಿಸಿದ ಹಾಗೆ ಉಂಟು ಅತ್ತೆ ಅದು. ಕೆರೆಗೆ ಇಳಿದು ತಲೆ ಮುಳುಗಿಸಿ ಪಾಚಿ ತಿಂತದೆ" ಎಂದ.

ಅಮೆರಿಕದವರು ಮೂಸ್ ಎನ್ನುವ ಈ ಪ್ರಾಣಿಗೆ ಯುರೋಪಿನಲ್ಲಿ ಎಲ್ಕ್ ಎಂದು ಹೆಸರು. ಅಮೆರಿಕದಲ್ಲಿ ಎಲ್ಕ್ ಎಂದರೆ ಬೇರೆಯೇ ಜಿಂಕೆ. ಇನ್ನು ದಕ್ಷಿಣ ಭಾರತಕ್ಕೂ ಸಿಲೋನಿಗೂ ಬಂದ ಬ್ರಿಟಿಷರು ನಮ್ಮ ಕಡವೆಯನ್ನು ನೋಡಿ ಅದನ್ನೂ ಎಲ್ಕ್ ಎಂದು ಕರೆದರು! ಹಾಗಾಗಿ ಹೆಸರಿನ ಲೆಕ್ಕದಲ್ಲಾದರೂ ರಾಮಕುಂಜದ ಗೋಡೆಗೂ ಡೆನ್ವರಿನ ಗೋಡೆಗೂ ಒಂದು ನಂಟು ಇದೆ.

ಆ ರಾಜ್ಯದಲ್ಲಿ ಮೂಸ್‌ಗಳ ಹಿಂಡು ಬೆಳೆದ ಕಥೆಯೂ ಚೆನ್ನಾಗಿದೆ. 1978 ಮತ್ತು 79ರಲ್ಲಿ ಪಕ್ಕದ ರಾಜ್ಯಗಳಿಂದ 24 ಮೂಸ್‌ಗಳನ್ನು ತಂದು ನಾರ್ತ್ ಪಾರ್ಕ್ ಎಂಬ ಕಣಿವೆಯಲ್ಲಿ ಬಿಟ್ಟರು. ಈಗ ಸಾವಿರಗಳ ಲೆಕ್ಕದಲ್ಲಿವೆ. ಅವು ಉದುರಿಸಿದ ಕೊಂಬನ್ನು ಹೆಕ್ಕುವುದು ಅಲ್ಲಿಯವರಿಗೆ ದೊಡ್ಡ ಹವ್ಯಾಸ. ಹಾಗೆಂದು ಯಾವಾಗ ಬೇಕಾದರೂ ಹೆಕ್ಕುವಂತಿಲ್ಲ. 2018ರಿಂದ ಅಲ್ಲಿ ರಾಜ್ಯದ ಪಶ್ಚಿಮ ಭಾಗದ ಸರ್ಕಾರಿ ಭೂಮಿಯಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಕೊಂಬು ಮುಟ್ಟುವ ಹಾಗಿಲ್ಲ. ಹಿಮಗಾಲದ ಕೊನೆಗೆ ಮೃಗಗಳ ಮೈಯ ಕೊಬ್ಬೆಲ್ಲ ಕರಗಿ, ಉಳಿದ ತ್ರಾಣದಲ್ಲಿ ಹೇಗೋ ದಿನ ನೂಕುತ್ತಿರುತ್ತವೆ. ಆ ಹೊತ್ತಿಗೆ ಕೊಂಬು ಹುಡುಕುವವರು ನುಗ್ಗಿದರೆ ಹೆದರಿ ಓಡಿ ಓಡಿಯೇ ಸೋಲುತ್ತವೆ. ಅವನು ಹೆಕ್ಕಿದ್ದು ಮೇ ತಿಂಗಳಲ್ಲಿ.

"ನಮ್ಮ ಕಾಡಲ್ಲಿ ಕಡವೆ ನೋಡ್ಲಿಕ್ಕೆ ಸಿಗ್ತದಾ?" ಎಂದು ಅವನು ಕೇಳಿದ್ದೇ ನಮ್ಮ ಪ್ರಯಾಣಕ್ಕೆ ಕಾರಣ.

ಹೊರಡುವ ಮೊದಲು ಸ್ವಲ್ಪ ವಿಷಯ ಹೇಳಬೇಕು. ದನ, ಎಮ್ಮೆ, ಕಾಟಿಗಳ ಕೊಂಬು ಜೀವಮಾನಕ್ಕೆ ಒಂದೇ ಸಲ ಬರುವಂಥದ್ದು. ಒಳಗೆ ಎಲುಬು, ಹೊರಗೆ ಉಗುರಿನಂಥ ಕವಚ. ಜಿಂಕೆಗಳದ್ದು ಹಾಗಲ್ಲ, ಇಡೀ ಕೊಂಬೇ ಎಲುಬು, ಸಾಮಾನ್ಯವಾಗಿ ಗಂಡಿಗೆ ಮಾತ್ರ, ಮತ್ತು ಉದುರಿ ಮತ್ತೆ ಹುಟ್ಟುವಂಥದ್ದು. ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ತೊಗಲು, ಅದರೊಳಗೆ ಬಿಸಿರಕ್ತ. ಬೆಳೆದು ಗಟ್ಟಿಯಾದ ಮೇಲೆ ತೊಗಲು ಒಣಗಿ ಕಿತ್ತುಬರುತ್ತದೆ, ಮೃಗ ಮರಕ್ಕೆ ತಿಕ್ಕಿ ತೆಗೆಯುತ್ತದೆ. ಬೆದೆಯ ಕಾಲ ಮುಗಿದು ಗಂಡಿನ ಹಾರ್ಮೋನು ಇಳಿದಾಗ ಬುಡದ ಎಲುಬು ಸವೆಯುತ್ತಾ ಬಂದು ಒಂದು ದಿನ ಕೊಂಬು ಕಳಚಿ ಬೀಳುತ್ತದೆ. ಹಾಗೆ ಬಿದ್ದ ಕೊಂಬಿನ ಬುಡ ಒರಟಾಗಿ, ತುಸು ಉಬ್ಬಿಕೊಂಡು, ಸುತ್ತ ಬಳೆಯಂಥ ಅಂಚಿನೊಂದಿಗೆ ಇರುತ್ತದೆ. ಬೇಟೆಯಾಡಿ ತೆಗೆದದ್ದರಲ್ಲಿ ತಲೆಬುರುಡೆಯ ಚೂರು ಅಂಟಿಕೊಂಡಿರುತ್ತದೆ. ಅಪ್ಪ ಮಕ್ಕಳಿಗೆ ತೋರಿಸುತ್ತಿದ್ದದ್ದು ಇದನ್ನೇ.

ಇಷ್ಟು ಎಲುಬು ಕಟ್ಟಲಿಕ್ಕೆ ಬೇಕಾದ ಸುಣ್ಣದ ಅಂಶ ಮೇವಿನಿಂದ ಮಾತ್ರ ಸಾಕಾಗುವುದಿಲ್ಲ. ಮೃಗ ತನ್ನ ಪಕ್ಕೆಲುಬಿನಿಂದಲೂ ಅದನ್ನು ಸಾಲ ತೆಗೆದು, ಆಮೇಲೆ ತುಂಬಿಕೊಳ್ಳುತ್ತದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಆಲಂಕಾರು, ಕಡಬ, ಮರ್ದಾಳ, ಕೈಕಂಬ, ಕುಲ್ಕುಂದ. ಕಡಬ ದಾಟಿದ ಮೇಲೆ ದಾರಿಯ ಗಾಳಿಯೇ ಬೇರೆ. ಎರಡೂ ಬದಿ ಕಾಡು ಹತ್ತಿರ ಬರುತ್ತದೆ. ಜನರ ಮಾತಿನಲ್ಲಿ ಆನೆ ಬರುತ್ತದೆ. 2023ರ ಫೆಬ್ರವರಿಯಲ್ಲಿ ಇದೇ ತಾಲೂಕಿನ ರೆಂಜಿಲಾಡಿಯಲ್ಲಿ ಆನೆ ತುಳಿದು ಇಬ್ಬರು ಸತ್ತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಕಾಡು ನೋಡುವ ಆಸೆಯಿಂದ ಬರುವವರಿಗೆ ಇದೂ ಗೊತ್ತಿರಬೇಕು. ನಾವು ಸುಬ್ರಹ್ಮಣ್ಯದಲ್ಲಿ ಪರಿಚಯದ ಒಬ್ಬರ ಜೀಪು ಮಾಡಿಕೊಂಡೆವು. ಬಿಸಿಲೆ ಘಾಟಿಯಲ್ಲಿ ವರ್ಷಗಟ್ಟಲೆ ಓಡಾಡಿದವರು. ಅವರದ್ದು ಎರಡೇ ಶರತ್ತು: ರಸ್ತೆ ಬಿಟ್ಟು ಕಾಡಿಗೆ ಇಳಿಯುವ ಹಾಗಿಲ್ಲ, ಕತ್ತಲಾಗುವ ಮೊದಲು ಕೆಳಗೆ ಬರಬೇಕು.

ಬಿಸಿಲೆಯ ದಾರಿ ಮೀಸಲು ಅರಣ್ಯದ ಒಳಗೇ ಸುತ್ತುತ್ತಾ ಏರುತ್ತದೆ. ಏಪ್ರಿಲ್ ಆದರೂ ಮರದ ನೆರಳಿನಲ್ಲಿ ತಂಪು. ಮೇಲಿನ ವೀಕ್ಷಣಾ ಕಟ್ಟೆಯಿಂದ ಎದುರಿಗೆ ಕುಮಾರಪರ್ವತ ಕಾಣುತ್ತದೆ. 1,712 ಮೀಟರ್ ಎತ್ತರ, ಪುಷ್ಪಗಿರಿ ವನ್ಯಧಾಮದ ತಲೆ. ನಮ್ಮ ಊರ ಬದಿಯಲ್ಲಿ ಹರಿಯುವ ಕುಮಾರಧಾರೆ ಹುಟ್ಟುವುದು ಆ ಬೆಟ್ಟಸಾಲಿನಲ್ಲೇ. ಅಳಿಯ ತುಂಬಾ ಹೊತ್ತು ಮಾತಾಡದೆ ನೋಡಿದ. ಅಜ್ಜನ ಚಿತಾಭಸ್ಮ ಬಿಟ್ಟದ್ದು ಉಪ್ಪಿನಂಗಡಿಯ ಸಂಗಮದಲ್ಲಿ. ಆ ನೀರು ಇಲ್ಲಿಂದಲೇ ಇಳಿದು ಬಂದದ್ದು ಎಂದು ನಾನು ಹೇಳಿದೆ.

ಕೆಳಗಿಳಿಯುವಾಗ ಐದೂಮುಕ್ಕಾಲು. ತಿರುವೊಂದರಲ್ಲಿ ಜೀಪಿನವರು ಇಂಜಿನ್ ಆರಿಸಿದರು. "ಕೇಳಿ" ಎಂದರು. ಹಳೇ ಲಾರಿಯ ಹಾರ್ನನ್ನು ಒಮ್ಮೆ ಒತ್ತಿ ಬಿಟ್ಟ ಹಾಗೆ ಒಂದು ಕೂಗು. ಕಡವೆಯ ಎಚ್ಚರಿಕೆಯ ಕರೆ. ಹುಲಿಯೋ ಚಿರತೆಯೋ ಸೀಳುನಾಯಿಯೋ ಅಥವಾ ನಮ್ಮಂಥವರೋ ಕಂಡರೆ ಹಾಗೆ ಕೂಗುತ್ತದೆ. ಕೆಳಗೆ ಬಂಡೆಗಳ ನಡುವೆ ಹಳ್ಳದ ಗುಂಡಿಯಲ್ಲಿ ನೀರು ಉಳಿದಿತ್ತು. ಅದರಲ್ಲಿ ಮೊಣಕಾಲಿನ ತನಕ ಇಳಿದು ಒಂದು ಹೆಣ್ಣು ಕಡವೆ ನಿಂತಿತ್ತು, ಪಕ್ಕದಲ್ಲಿ ಮರಿ. ಸೀಳುನಾಯಿಗಳು ಬೆನ್ನಟ್ಟಿದಾಗ ಕಡವೆ ನೀರಿಗಿಳಿದು ಎದುರಿಸಿ ನಿಲ್ಲುವುದುಂಟು. ಇದಕ್ಕೆ ಅಂಥ ಅವಸರ ಏನೂ ಇರಲಿಲ್ಲ, ನೀರು ಕುಡಿದು ನಮ್ಮನ್ನೇ ನೋಡಿತು. ಎಲೆಯಷ್ಟಗಲದ ಕಿವಿಗಳು ಮಾತ್ರ ಆಚೆ ಈಚೆ ತಿರುಗುತ್ತಿದ್ದವು.

ಆಮೇಲೆ ಹಿಂದಿನ ಬಿದಿರಿನ ನೆರಳು ಅಲುಗಿತು. ಗಂಡು ಹೊರಗೆ ಬಂತು. ಕಪ್ಪುಮಿಶ್ರಿತ ಕಂದು ಮೈ, ಕುತ್ತಿಗೆಯ ಸುತ್ತ ಒರಟು ಕೂದಲು, ನನ್ನ ಭುಜಕ್ಕಿಂತ ಎತ್ತರದ ಬೆನ್ನು. ದೊಡ್ಡ ಗಂಡು ಇನ್ನೂರು ಕಿಲೋಕ್ಕೂ ಹೆಚ್ಚು ತೂಗುತ್ತದೆ ಎಂದು ಓದಿದ್ದೆ, ಕಣ್ಣಾರೆ ನೋಡುವಾಗ ನಂಬಿಕೆ ಬಂತು. ಅದರ ತಲೆಯ ಮೇಲೆ ಒಂದೇ ಕೊಂಬು ಇತ್ತು!

ಎಡಬದಿಯದ್ದು ಮೂರು ಕವಲಿನ ಪೂರ್ತಿ ಕೊಂಬು. ಬಲಬದಿಯಲ್ಲಿ ಬೋಳು, ಅಲ್ಲೊಂದು ಕೆಂಪು ಗುರುತು. ತಲೆ ತುಸು ವಾಲಿದ ಹಾಗೆ ಕಂಡಿತು. ಎರಡೂ ಒಂದೇ ದಿನ ಬೀಳಬೇಕೆಂದಿಲ್ಲ, ಕೆಲವೊಮ್ಮೆ ನಡುವೆ ಕೆಲವು ದಿನಗಳ ಅಂತರ ಇರುತ್ತದೆ. ಆ ಕೆಲವು ದಿನಗಳಲ್ಲಿ ಒಂದರಲ್ಲಿ ನಾವು ಅಲ್ಲಿದ್ದೆವು. ಅಳಿಯ ಮೊಬೈಲು ಎತ್ತಿದವನು ಕೆಳಗಿಟ್ಟುಬಿಟ್ಟ. ಒಂದೆರಡು ನಿಮಿಷ ಇರಬಹುದು. ಮೂರೂ ಸದ್ದಿಲ್ಲದೆ ಏರಿ ಹೋದವು. ಅಷ್ಟು ದೊಡ್ಡ ಪ್ರಾಣಿ ಒಣ ತರಗೆಲೆಯ ಮೇಲೆ ಅಷ್ಟು ಮೆಲ್ಲಗೆ ಹೇಗೆ ನಡೆಯುತ್ತದೋ!

ಮುಂದಿನ ಮೋರಿಯ ಹತ್ತಿರ ಜೀಪಿನವರು ಇಂಜಿನ್ನಿಗೆ ನೀರು ಹಾಕಲಿಕ್ಕೆ ನಿಲ್ಲಿಸಿದಾಗ ರಸ್ತೆಯ ಅಂಚಿನಲ್ಲೇ ಒಂದು ಕೊಂಬು ಕಂಡಿತು. ಈಗಿನದ್ದಲ್ಲ, ಒಂದೆರಡು ಮಳೆಗಾಲ ಕಂಡದ್ದು. ಬಣ್ಣ ಬೂದಿ, ಒಂದು ಬದಿಯಲ್ಲಿ ಹಾವಸೆ. ತುದಿಗಳೆರಡೂ ಇರಲಿಲ್ಲ. ಉಳಿದ ಕಡೆ ಉಳಿ ಹಾಕಿ ಕೆತ್ತಿದ ಹಾಗೆ ಸಾಲು ಸಾಲು ಹಲ್ಲಿನ ಗೆರೆ. ಅಳಿಯ ಅಭ್ಯಾಸಬಲದಿಂದ ಬಗ್ಗಿದ.

"ಮುಟ್ಟುದು ಬೇಡ" ಎಂದರು ಜೀಪಿನವರು. "ಗೇಟಲ್ಲಿ ಗಾಡಿ ನೋಡ್ತಾರೆ, ಅದು ಒಂದು. ಇನ್ನೊಂದು, ಅದು ಮುಳ್ಳುಹಂದಿದು. ಅರ್ಧ ತಿಂದು ಇಟ್ಟದ್ದು. ಇನ್ನರ್ಧಕ್ಕೆ ಬರ್ತದೆ."

ಹೌದು, ಮುಳ್ಳುಹಂದಿಗಳು ಬಿದ್ದ ಕೊಂಬನ್ನು ಬಿಲಕ್ಕೆ ಎಳೆದುಕೊಂಡು ಹೋಗಿ ಕೂಡ ಕಡಿಯುತ್ತವೆ. ಇಲಿ, ಅಳಿಲಿನ ಜಾತಿಯವು ಕೆರೆಯುತ್ತವೆ. ಕೆಲವೊಮ್ಮೆ ಜಿಂಕೆಗಳೇ ಅಗಿಯುತ್ತವೆ. ಮಳೆ ಹೊಡೆದು ಹೊಡೆದು ನಮ್ಮ ಘಟ್ಟದ ಮಣ್ಣಿನ ಸುಣ್ಣದ ಅಂಶ ತೊಳೆದುಹೋಗುತ್ತದೆ ಎಂದು ತೋಟ ಇರುವವರಿಗೆ ಬೇರೆ ಹೇಳಬೇಕಾ? ವರ್ಷ ವರ್ಷ ಅಡಿಕೆ ಬುಡಕ್ಕೆ ಸುಣ್ಣ ಹಾಕುವವರು ನಾವು. ಕಾಡಿಗೆ ಯಾರು ಹಾಕುತ್ತಾರೆ? ಇಂಥದ್ದೇ ಬಿದ್ದ ಎಲುಬು, ಕೊಂಬು.

ಅಳಿಯ ಬಿಡಲಿಲ್ಲ. "ಬಿದ್ದದ್ದನ್ನು ಹೆಕ್ಕಿದ್ರೆ ಯಾವ ಪ್ರಾಣಿಗೂ ನೋವಿಲ್ಲ. ಮತ್ತೆ ಯಾಕೆ ಇಷ್ಟು ಕಟ್ಟುನಿಟ್ಟು?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಒಂದು ಕಾಲದಲ್ಲಿ ನಮ್ಮ ದೇಶದಲ್ಲೂ ಉದುರಿದ ಕೊಂಬಿನ ವ್ಯಾಪಾರ ಇತ್ತು. ಚೂರಿಯ ಹಿಡಿ, ಗುಂಡಿ, ಅಲಂಕಾರದ ವಸ್ತುಗಳಾಗಿ ಹೊರದೇಶಕ್ಕೂ ಹೋಗುತ್ತಿತ್ತು. ಇಡೀ ಕೊಂಬಾದರೆ ಬುಡ ನೋಡಿ ಹೇಳಬಹುದು. ಕೊಯ್ದು, ಉಜ್ಜಿ, ಚೂರಿಯ ಹಿಡಿ ಮಾಡಿದ ಮೇಲೆ ಅದು ಉದುರಿದ್ದೋ ಕೊಂದು ತೆಗೆದದ್ದೋ ಯಾರಿಗೆ ಗೊತ್ತಾಗುತ್ತದೆ? ಕೊಂಬಿಗೆ ಬೆಲೆ ಬಂದ ಕಡೆ ಕೊಂಬಿರುವ ತಲೆಗೂ ಬೆಲೆ ಬರುತ್ತದೆ. ಕೊಂದವನೂ "ಕಾಡಲ್ಲಿ ಸಿಕ್ಕಿತು" ಎಂದೇ ಹೇಳುತ್ತಾನೆ. ಕೊಲೊರಾಡೋದಲ್ಲಿ ಕಾವಲಿಗೂ ಲೆಕ್ಕಕ್ಕೂ ಇರುವ ಅನುಕೂಲ ಬೇರೆ, ನಮ್ಮ ಕಾಡಿನ ಪರಿಸ್ಥಿತಿ ಬೇರೆ. ಕಡವೆ 2008ರಿಂದ ಜಾಗತಿಕ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಸಿಕ್ಕಿಕೊಂಡ ಪ್ರಾಣಿಗಳ ಸಾಲಿನಲ್ಲಿದೆ. ಬೇಟೆ ಅದಕ್ಕೊಂದು ದೊಡ್ಡ ಕಾರಣ.

ಅವನು ಫೋಟೋ ತೆಗೆದ. ಅಳತೆಗೆಂದು ಪಕ್ಕದಲ್ಲಿ ತನ್ನ ಚಪ್ಪಲಿ ಇಟ್ಟು ಇನ್ನೊಂದು ತೆಗೆದ. ಕೊಂಬು ಅಲ್ಲೇ ಉಳಿಯಿತು.

ಮನೆಗೆ ಬಂದ ಮರುದಿನ ಚಾವಡಿಯಲ್ಲಿ ಮತ್ತೆ ಅದೇ ಮಾತು. ಆದರೆ ಈಗ ಅಳಿಯ ಕುರ್ಚಿ ಹತ್ತಿ ಗೋಡೆಯ ಕೊಂಬನ್ನು ಹತ್ತಿರದಿಂದ ನೋಡಿದ. ಬುರುಡೆಯ ತುಂಡಿನ ಮೇಲೆ ಬೆರಳಾಡಿಸಿ "ಇದಕ್ಕೆ ಮುಂದಿನ ವರ್ಷದ ಕೊಂಬು ಬರ್ಲೇ ಇಲ್ಲ ಅಲ್ವಾ?" ಎಂದ. ಅಣ್ಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನನ್ನ ನಂತರ ನೀನು ಇಲ್ಲಿಗೆ ಬಂದು ತೊಂಬತ್ತು ದಿನದಲ್ಲಿ ಅರ್ಜಿ ಕೊಡ್ತೀಯಾ? ವಿಮಾನದಲ್ಲಿ ಒಯ್ಯಲಿಕ್ಕೂ ಆಗುದಿಲ್ಲ" ಎಂದು ಕೇಳಿದ. ಉತ್ತರ ಅವನಿಗೂ ಗೊತ್ತಿತ್ತು, ನಮಗೂ. ಇರಲಿ ಎನ್ನುತ್ತಿದ್ದ ನಾನೂ ಆಮೇಲೆ ಹಟ ಮಾಡಲಿಲ್ಲ. ಅಪ್ಪನ ನೆನಪಿಗೆ ಅವರ ಕೈಬರಹದ ಅರ್ಜಿಯ ಪ್ರತಿ ಉಂಟು. ದೊಡ್ಡಮ್ಮನನ್ನು ಒಪ್ಪಿಸಲಿಕ್ಕೆ ಎರಡು ದಿನ ಹಿಡಿಯಿತು.

ಮೇ ಮೊದಲ ವಾರದಲ್ಲಿ ಅಣ್ಣ ಏಳು ದಿನದ ನೋಟಿಸು ಬರೆದು ಕಳಿಸಿದ. ಆಮೇಲೆ ಕೊಂಬನ್ನೂ ಪ್ರಮಾಣಪತ್ರವನ್ನೂ ಒಪ್ಪಿಸಿ ಸ್ವೀಕೃತಿ ಪತ್ರ ತೆಗೆದುಕೊಂಡು ಬಂದ. ಗೋಡೆಯಲ್ಲಿ ಎರಡು ಮೊಳೆಗಳು ಉಳಿದಿವೆ, ಕೊಡೆ ನೇತುಹಾಕಲಿಕ್ಕೆ ಅಷ್ಟು ಸಾಕು.

ನಿಮ್ಮ ಮನೆಯಲ್ಲೂ ಹಿರಿಯರ ಕಾಲದ ಇಂಥದ್ದು ಇದ್ದರೆ ಮೊದಲು ಕಾಗದಪತ್ರ ಹುಡುಕಿ ನೋಡಿ. ಪತ್ರ ಇದ್ದು ಯಜಮಾನರು ತೀರಿಹೋಗಿದ್ದರೆ 90 ದಿನದ ಲೆಕ್ಕ ಮರೆಯಬೇಡಿ. ಪತ್ರವೇ ಇಲ್ಲದಿದ್ದರೆ ಯಾರಿಗೋ ದಾಟಿಸುವ, ಮಾರುವ, ಕೊಯ್ದು ಹಂಚುವ ಕೆಲಸಕ್ಕೆ ಹೋಗದೆ ತಿಳಿದ ವಕೀಲರನ್ನು ಕೇಳಿ ಮುಂದುವರಿಯಿರಿ. ತೋಟದ ಬದಿಯಲ್ಲೋ ಕಾಡಿನ ದಾರಿಯಲ್ಲೋ ಕೊಂಬು ಕಂಡರೆ ಅಲ್ಲೇ ಬಿಡಿ. ಹೇಗೋ ಕೈಗೆ ಬಂದೇಬಿಟ್ಟರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯದ ಅಧಿಕಾರಿಗಳಿಗೋ ತಿಳಿಸಬೇಕು ಎನ್ನುತ್ತದೆ ಕಾಯ್ದೆ. ಕಡವೆ ನೋಡುವ ಆಸೆಯಿದ್ದರೆ ಬೇಸಿಗೆಯ ಸಂಜೆ, ನೀರಿರುವ ಹಳ್ಳದ ಬದಿಯ ದಾರಿ ಒಳ್ಳೆಯದು. ಗಾಡಿಯಿಂದ ಇಳಿಯಬೇಡಿ, ಹಾರ್ನ್ ಹಾಕಬೇಡಿ, ದಾರಿ ಗೊತ್ತಿದ್ದವರನ್ನು ಜೊತೆಗೆ ಕರೆದುಕೊಳ್ಳಿ.

ಇದನ್ನು ಬರೆಯುವಾಗ ಹೊರಗೆ ಜಡಿಮಳೆ. ಕುಮಾರಧಾರೆ ಕೆಂಪಾಗಿ ಹರಿಯುತ್ತಿದೆ. ನಿನ್ನೆ ಡೆನ್ವರಿನಿಂದ ಫೋನು ಬಂದಿತ್ತು. "ಅತ್ತೆ, ನಮ್ಮ ಒಂಟಿಕೊಂಬಿನವನಿಗೆ ಈಗ ಎಷ್ಟು ಬಂದಿರಬಹುದು?" ಎಂದು ಕೇಳಿದ. ಎರಡೂ ಬದಿಯಲ್ಲಿ ಮಖಮಲ್ಲು ಹೊದ್ದು, ಒಂದು ಗೇಣು ಆಗಿರಬಹುದು ಎಂದೆ.